ನೆಲ್ಲಿಯದು ಸಂಯುಕ್ತ ಎಲೆಯೇ?

ಬೇವಿನಂತೆ ನೆಲ್ಲಿಗೂ ‘ಸಂಯುಕ್ತ ಎಲೆ’ (ಹಲವು ಬಿಡಿ ಕಿರುಎಲೆಗಳು ಸೇರಿ ಆದ ಒಂದೇ ಎಲೆ) ಎಂದು ಬರೆಯಬಹುದೇ ಎಂದು ಕೇಳಿದ್ದೀರಿ. ಬರೆಯಬಾರದು. ಎರಡೂ ಗರಿಯಂತೆ ಕಾಣುತ್ತವೆ, ನಿಜ. ಆದರೆ ನೋಟವನ್ನು ನಂಬಿದರೆ ಇಲ್ಲಿ ಮೋಸ ಹೋಗುತ್ತೇವೆ. ಹುಡುಕಬೇಕಾದದ್ದು ಮೊಗ್ಗನ್ನು.

ಎಲೆಯ ತೊಟ್ಟು ರೆಂಬೆಗೆ ಸೇರುವ ಕಂಕುಳಲ್ಲಿ ಮೊಗ್ಗಿರುತ್ತದೆ; ಹೊಸ ರೆಂಬೆಯೋ ಹೂವೋ ಹೊರಡುವುದು ಅದರಿಂದಲೇ. ಬೇವಿನ ಒಂದು ಕಡ್ಡಿಯನ್ನು ಹಿಡಿದು ನೋಡಿ. ಅಂಚು ಗರಗಸದಂತಿರುವ ಆ ಕಿರುಎಲೆಗಳ ಬುಡದಲ್ಲಿ ಮೊಗ್ಗಿನ ಸುಳಿವೇ ಇಲ್ಲ; ಕಡ್ಡಿ ರೆಂಬೆಗೆ ಅಂಟಿರುವ ಕಡೆ ಮಾತ್ರ ಇದೆ. ಅಂದರೆ ಇಡೀ ಕಡ್ಡಿಯೇ ಒಂದು ಎಲೆ, ಸಂಯುಕ್ತ ಎಲೆ.

ನೆಲ್ಲಿಯಲ್ಲಿ ಹಾಗಲ್ಲ. ಹೂ ಬಿಡುವ ಕಾಲದಲ್ಲಿ ನೋಡಿದರೆ ಆ ಪುಟ್ಟ ಎಲೆಗಳ ಕಂಕುಳಲ್ಲೇ ಹಸಿರುಹಳದಿ ಹೂಗಳು ಕಡ್ಡಿಗೆ ಅಂಟಿಕೊಂಡಿರುತ್ತವೆ. ಕಿರುಎಲೆಯ ಕಂಕುಳಲ್ಲಿ ಹೂ ಬಿಡುವುದಿಲ್ಲ. ಆದ್ದರಿಂದ ಆ ಕಡ್ಡಿ ಒಂದು ಸಣ್ಣ ರೆಂಬೆ, ಅದರ ಮೇಲಿನ ಒಂದೊಂದೂ ಪೂರ್ಣ ಎಲೆ. ಎಲೆ ಉದುರುವಾಗ ಆ ರೆಂಬೆಯೂ ಜೊತೆಗೇ ಕಳಚಿಕೊಳ್ಳುತ್ತದೆ. ಒಳ್ಳೊಳ್ಳೆಯವರೂ ಎಡವುವುದು ಇಲ್ಲಿಯೇ.

ಪಪ್ಪಾಯಿಯೂ ಸಂಯುಕ್ತವಲ್ಲ: ಸೀಳು ಎಷ್ಟೇ ಆಳವಾಗಿದ್ದರೂ ಬಿಡಿ ಕಿರುಎಲೆಗಳಾಗಿಲ್ಲ.

ನಿಮ್ಮ ಟಿಪ್ಪಣಿಯಲ್ಲಿ ನೆಲ್ಲಿಗೆ ‘ಸರಳ ಎಲೆ, ಎರಡು ಸಾಲಿನ ಜೋಡಣೆ’ ಎಂದು ಬರೆಯಿರಿ; ಸರಳ ಎಂದರೆ ಕಿರುಎಲೆಗಳಾಗಿ ಒಡೆಯದ ಎಲೆ.