ಡಿಫೈ ಬೆಳೆದರೆ ಬ್ಯಾಂಕಿನವರು ಏನು ಕಲಿತಿರಬೇಕು?

ಡಿಫೈ, ಅಂದರೆ ಬ್ಲಾಕ್‌ಚೈನ್ ಎಂಬ ಹಂಚಿಕೊಂಡ ಡಿಜಿಟಲ್ ಲೆಕ್ಕಪುಸ್ತಕದ ಮೇಲೆ ಬ್ಯಾಂಕಿನ ಬದಲು ಕೋಡೇ ಸಾಲ, ವಹಿವಾಟು ನಡೆಸುವ ವ್ಯವಸ್ಥೆ ಬಂದರೆ ಬ್ಯಾಂಕುಗಳು ಮುಚ್ಚುತ್ತವಾ, ಬ್ಯಾಂಕ್ ಅಧಿಕಾರಿಯಾದ ನೀವು ಈಗಲೇ ಆ ಕೋಡ್ ಬರೆಯುವ ಸಾಲಿಡಿಟಿ ಭಾಷೆಯಲ್ಲಿ ಕೋಡಿಂಗ್ ಕಲಿಯಬೇಕಾ ಅಂತ ಕೇಳಿದ್ದೀರಿ. ನಾನೂ ಬ್ಯಾಂಕೊಂದರ ರಿಸ್ಕ್ ವಿಭಾಗದಲ್ಲಿ ಇರುವವನು. ಬ್ಯಾಂಕುಗಳು ಮುಚ್ಚುತ್ತವೆ ಅಂತ ನನಗನ್ನಿಸುವುದಿಲ್ಲ. ಕೋಡಿಂಗ್ ಕಲಿತರೆ ಒಳ್ಳೆಯದೇ, ಆದರೆ ಮೊದಲು ಕಲಿಯಬೇಕಾದ್ದು ಬೇರೆ ಇದೆ.

ಮೇಕರ್‌ಡಾವೋ ಎಂಬ ಡಿಫೈ ಸಾಲ ವ್ಯವಸ್ಥೆಯ ಕಥೆ ನೋಡಿ. ಅಲ್ಲಿ ಎಥೀರಿಯಂ ಎಂಬ ಬ್ಲಾಕ್‌ಚೈನ್‌ನ ಕ್ರಿಪ್ಟೋ ನಾಣ್ಯವಾದ ಈಥರ್ ಅಡ ಇಟ್ಟು, ಡಾಲರಿಗೆ ಸಮನಾದ ಡಾಯ್ ಟೋಕನ್ ಸಾಲ ತೆಗೆಯಬಹುದು. ನಮ್ಮ ಚಿನ್ನದ ಸಾಲದ ಥರವೇ, ಆದರೆ ಮ್ಯಾನೇಜರೂ ಇಲ್ಲ, ನೋಟಿಸೂ ಇಲ್ಲ. ಆಗ 100 ಡಾಯ್ ಸಾಲಕ್ಕೆ ಕನಿಷ್ಠ 150 ಡಾಲರಿನ ಈಥರ್ ಇರಲೇಬೇಕಿತ್ತು. ಅದಕ್ಕಿಂತ ಇಳಿದರೆ ಕೋಡೇ ಅಡವನ್ನು ಹರಾಜಿಗೆ ಹಾಕುತ್ತಿತ್ತು. 2020ರ ಮಾರ್ಚ್ 12ರಂದು ಕೋವಿಡ್ ಗಾಬರಿಗೆ ಈಥರ್ ಬೆಲೆ ಶೇ. 40ರಷ್ಟು ಕುಸಿಯಿತು. ಎಥೀರಿಯಂ ಜಾಲ ಕಿಕ್ಕಿರಿದು ಶುಲ್ಕ ವಿಪರೀತ ಏರಿತು, ಹರಾಜು ಕೂಗಬೇಕಿದ್ದ ಬಹಳಷ್ಟು ಬಾಟ್‌ಗಳು (ತಾವಾಗಿಯೇ ಕೂಗುವ ಪ್ರೋಗ್ರಾಂಗಳು) ಹೊರಗೇ ಉಳಿದವು. ಒಳಗೆ ನುಸುಳಿದವರು ಸೊನ್ನೆ ಡಾಯ್ ಕೂಗಿದರು. ಎದುರು ಕೂಗುವವರೇ ಇಲ್ಲ! ಸುಮಾರು 80 ಲಕ್ಷ ಡಾಲರಿನ ಈಥರ್ ಪುಕ್ಕಟೆ ಹೋಯಿತು. ಯಾರೂ ಹ್ಯಾಕ್ ಮಾಡಿರಲಿಲ್ಲ, ಕೋಡ್ ಬರೆದಂತೆಯೇ ನಡೆದಿತ್ತು. ಕೊನೆಗೆ ಮೇಕರ್‌ಡಾವೋ ತನ್ನದೇ ಎಂಕೆಆರ್ ಟೋಕನ್ ಹೊಸದಾಗಿ ಸೃಷ್ಟಿಸಿ, ಹರಾಜು ಹಾಕಿ ಕೊರತೆ ತುಂಬಿಸಿಕೊಂಡಿತು.

ಆ ನಿಯಮವನ್ನು ಯಾರಾದರೂ ಹಳೇ ರಿಕವರಿ ಅಧಿಕಾರಿಗೆ ಮೊದಲೇ ತೋರಿಸಿದ್ದರೆ, ‘ರಿಸರ್ವ್ ಪ್ರೈಸ್ (ಹರಾಜಿನ ಕನಿಷ್ಠ ಬೆಲೆ) ಎಲ್ಲಿ ಸ್ವಾಮಿ? ಬಿಡ್ಡರ್ ಒಬ್ಬನೇ ಬಂದರೆ ಏನು ಗತಿ?’ ಅಂತ ಕೇಳುತ್ತಿದ್ದರು. ಆ ಪ್ರಶ್ನೆ ಹುಟ್ಟುವುದು ಅನುಭವದಿಂದ. ಅದನ್ನು ಸ್ಮಾರ್ಟ್ ಕಾಂಟ್ರ್ಯಾಕ್ಟ್ (ತಾನಾಗಿಯೇ ಜಾರಿಯಾಗುವ ಇಂಥ ಕೋಡ್) ಮುಂದಿಟ್ಟು ಕೇಳಬಲ್ಲವರು ಸಿಗುವುದೇ ಅಪರೂಪ.

ಹಣ ತೆಗೆಯಲು ಒಪ್ಪಿಗೆ ಕೊಡುವ ರಹಸ್ಯ ಡಿಜಿಟಲ್ ಕೀಗಳ ನಿರ್ವಹಣೆಯೂ ಅಷ್ಟೇ. 2022ರಲ್ಲಿ, ಎರಡು ಬ್ಲಾಕ್‌ಚೈನ್‌ಗಳ ನಡುವೆ ಹಣ ಸಾಗಿಸುವ ರೋನಿನ್ ಬ್ರಿಡ್ಜ್‌ನಿಂದ 60 ಕೋಟಿ ಡಾಲರಿಗೂ ಹೆಚ್ಚು ಕಳುವಾಯಿತು. ಒಂಬತ್ತು ಕೀಗಳಲ್ಲಿ ಐದು ಸಿಕ್ಕರೆ ಹಣ ತೆಗೆಯಬಹುದಿತ್ತು, ನಾಲ್ಕು ಒಂದೇ ಕಂಪನಿಯ ಕೈಯಲ್ಲಿದ್ದವು. ಇದಕ್ಕೆ ಜಾಯಿಂಟ್ ಕಸ್ಟಡಿ (ಬೇರೆ ಬೇರೆಯವರ ಕೈಯಲ್ಲಿ ಕೀ) ಅಂತಾರಾ? ಸ್ಟ್ರಾಂಗ್ ರೂಮ್ ಬೀಗ ತೆಗೆದವರಿಗೆ ನಗು ಬರುತ್ತೆ.

ಮುಂದಿನ ದಾರಿ ಸಿಂಗಪುರದ ಪ್ರಾಜೆಕ್ಟ್ ಗಾರ್ಡಿಯನ್‌ನಂಥದ್ದು ಅಂತ ನನ್ನ ಅಂದಾಜು. ಅದರಡಿ 2022ರ ನವೆಂಬರಿನಲ್ಲಿ ಜೆಪಿ ಮಾರ್ಗನ್, ಡಿಬಿಎಸ್ ಬ್ಯಾಂಕ್ ಮುಂತಾದವರು ಪಾಲಿಗಾನ್ ಎಂಬ ಸಾರ್ವಜನಿಕ ಬ್ಲಾಕ್‌ಚೈನ್ ಮೇಲೆ, ಗುರುತು ಖಾತ್ರಿಯಾದವರ ನಡುವೆ ಮಾತ್ರ ವಹಿವಾಟು ನಡೆಸಿ ನೋಡಿದರು. ನಮ್ಮಲ್ಲಿ ಕ್ರಿಪ್ಟೋ ಲಾಭಕ್ಕೆ ಶೇ. 30 ತೆರಿಗೆ, ಮೇಲೆ ಶೇ. 1 ಟಿಡಿಎಸ್ ಇರುವಾಗ ಬ್ಯಾಂಕುಗಳು ಇಷ್ಟು ಬೇಗ ಧುಮುಕುತ್ತವೆ ಅಂತ ನಂಬಬೇಡಿ.

ಶುರು ಮಾಡುವುದಾದರೆ ಎಥೀರಿಯಂ ವಹಿವಾಟು ತೋರಿಸುವ ಈಥರ್‌ಸ್ಕ್ಯಾನ್ ತಾಣದಲ್ಲಿ ಯಾವುದಾದರೂ ಒಂದು ಲಿಕ್ವಿಡೇಶನ್ (ಅಡದ ಬಲವಂತದ ಮಾರಾಟ) ತೆರೆದು, ಯಾರು ಎಷ್ಟು ಕಟ್ಟಿ ಎಷ್ಟು ಅಡ ಒಯ್ದರು, ಬೆಲೆ ಎಲ್ಲಿಂದ ಬಂತು ಅಂತ ಲೆಕ್ಕ ಹಾಕಿ. ಅದಕ್ಕೆ ಒಂದು ರೂಪಾಯಿಯೂ ಹೂಡಬೇಕಿಲ್ಲ.