ತೊಗರಿ ಬೆಳೆದವರು ಯಾರು, ಗಂಜ್ ಕಟ್ಟಿದವರು ಯಾರು: ಸ್ಟೀವ್ ಜಾಬ್ಸ್ ಲೇಖನಕ್ಕೆ ಸಂಪಾದಕರ ಉತ್ತರ

ಶರಣು ಶರಣಾರ್ಥಿ.

ಸೇಡಂನಿಂದ ನೀವು ಕಳಿಸಿದ ‘ವಿಡಿಯೋ ಗೇಮ್ ಲೋಕದ ಪಿತಾಮಹ ಸ್ಟೀವ್ ಜಾಬ್ಸ್’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಬರುವುದಿಲ್ಲ. ಹಾಗಂತ ವಾಪಸ್ ಕಳಿಸಿ ಕೈತೊಳೆದುಕೊಳ್ಳುವ ಬರಹವೂ ಇದಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಕಟ್ಟೆ ಮೇಲೆ ನಾಲ್ವರು ಹುಡುಗರು ಬಿಜಿಎಂಐ ಎಂಬ ಮೊಬೈಲ್ ಗೇಮ್ ಆಡುತ್ತಿರುವ ಮೊದಲ ಪ್ಯಾರಾದಲ್ಲಿ ಜೀವ ಇದೆ. ಒಬ್ಬ ತನ್ನ ಫೋನಿನ ಬೆನ್ನಿಗೆ ಪವರ್ ಬ್ಯಾಂಕ್ ಇಟ್ಟು ರಬ್ಬರ್ ಬ್ಯಾಂಡ್ ಸುತ್ತಿದ್ದನ್ನು ನೀವು ನೋಡಿದ್ದೀರಿ, ಬರೆದಿದ್ದೀರಿ. ಅಂಥ ಕಣ್ಣು ಇದ್ದವರು ಎರಡನೇ ಪ್ಯಾರಾಕ್ಕೆ ಬಂದ ಕೂಡಲೇ ಹೊಗಳಿಕೆಗೆ ಇಳಿದದ್ದು ನಮಗೆ ಬೇಸರ ತಂದಿತು.

ನಿಮ್ಮ ವಾದ ಇಷ್ಟು: ಜಾಬ್ಸ್ ಅಟಾರಿ ಕಂಪನಿಯಲ್ಲಿ ‘ಬ್ರೇಕ್‌ಔಟ್’ ಆಟಕ್ಕೆ ಕೋಡ್ ಬರೆದರು, ಆಪಲ್ ಟು ಕಂಪ್ಯೂಟರಿನಿಂದ ಆಟವನ್ನು ಮನೆಯೊಳಗೆ ತಂದರು, ‘ಪಿಪಿನ್’ ಎಂಬ ಗೇಮ್ ಯಂತ್ರದಲ್ಲಿ ಸೋತರು, ಐಫೋನಿನಲ್ಲಿ ಗೆದ್ದರು. ಆದ್ದರಿಂದ ಅವರೇ ಪಿತಾಮಹ. ನಾಲ್ಕರಲ್ಲಿ ಎರಡು ತಪ್ಪು, ಒಂದು ಅರ್ಧ ಸರಿ, ಒಂದು ಸರಿ. ಸರಿ ಇರುವುದಕ್ಕೆ ನೀವು ಕೊಟ್ಟಿರುವುದು ಮೂರೇ ಸಾಲು.

ಮೊದಲು ‘ಪಿತಾಮಹ’ ತೆಗೆಯಿರಿ. ಟಿವಿಗೆ ಜೋಡಿಸಿ ಮನೆಯಲ್ಲಿ ಆಡುವ ಮೊದಲ ಯಂತ್ರ ಮ್ಯಾಗ್ನವಾಕ್ಸ್ ಒಡಿಸ್ಸಿ. 1972ರಲ್ಲಿ ಬಂದ ಅದರ ಹಿಂದೆ ಇದ್ದವರು ರಾಲ್ಫ್ ಬೇಯರ್. ಅದೇ ವರ್ಷ ನೋಲನ್ ಬುಶ್ನೆಲ್ ಅವರ ಅಟಾರಿಗೆ ಅಲ್ ಆಲ್ಕಾರ್ನ್ ‘ಪಾಂಗ್’ ಆಟ ಮಾಡಿಕೊಟ್ಟರು. ಆಗ ಜಾಬ್ಸ್ 17ರ ಹುಡುಗ. ಅವರು ಅಟಾರಿಗೆ ಟೆಕ್ನಿಷಿಯನ್ ಆಗಿ ಸೇರಿದ್ದು 1974ರಲ್ಲಿ. ಅವರ ಭಾರತ ಯಾತ್ರೆಗೆ ನೀವು ಎರಡು ಪ್ಯಾರಾ ಕೊಟ್ಟಿದ್ದೀರಿ, ಅದಕ್ಕೂ ಆಟಕ್ಕೂ ಸಂಬಂಧವಿಲ್ಲ. ಪೂರ್ತಿ ಹೊಡೆದುಹಾಕಿ.

ಆಮೇಲೆ, ‘ಪ್ರಭಾವ’ ಎಂಬ ಮಾತನ್ನು ಸುಮ್ಮನೆ ಬಳಸಬೇಡಿ, ಅಳೆದು ಬಳಸಿ. ಪ್ರತಿ ಘಟನೆಯ ಮುಂದೆಯೂ ಒಂದೇ ಪ್ರಶ್ನೆ ಇಡಿ: ಅಲ್ಲಿ ಜಾಬ್ಸ್ ಇರದಿದ್ದರೆ ಆಡುವವರ ಕೈಯಲ್ಲಿ ಬೇರೆ ಏನಾದರೂ ಇರುತ್ತಿತ್ತೇ? ನೀವು ಮಾಡಿದ ಪಟ್ಟಿಯನ್ನೇ ಈ ಪ್ರಶ್ನೆಗೆ ಒಡ್ಡಿ ನೋಡೋಣ.

ಬ್ರೇಕ್‌ಔಟ್. ‘ಜಾಬ್ಸ್ ರಾತ್ರಿಯಿಡೀ ಕುಳಿತು ಕೋಡ್ ಬರೆದರು’ ಎಂದಿದ್ದೀರಿ. ಬ್ರೇಕ್‌ಔಟ್‌ಗೆ ಕೋಡೇ ಇರಲಿಲ್ಲ. ಮೈಕ್ರೊಪ್ರೊಸೆಸರ್ ಇಲ್ಲ, ಪ್ರೋಗ್ರಾಂ ಇಲ್ಲ. ಚೆಂಡು ಎಲ್ಲಿದೆ, ಇಟ್ಟಿಗೆಗೆ ತಾಗಿತೋ ಇಲ್ಲವೋ, ಅಂಕ ಎಷ್ಟಾಯಿತು ಎಂಬುದನ್ನೆಲ್ಲ ಟಿಟಿಎಲ್ ಎಂಬ ಸಣ್ಣ ಲಾಜಿಕ್ ಚಿಪ್‌ಗಳನ್ನು ತಂತಿಯಿಂದ ಒಂದಕ್ಕೊಂದು ಹೆಣೆದ ಸರ್ಕ್ಯೂಟೇ ನೋಡಿಕೊಳ್ಳುತ್ತಿತ್ತು. ಚಿಪ್ ಹೆಚ್ಚಿದಷ್ಟೂ ಪ್ರತಿ ಯಂತ್ರದ ಖರ್ಚು ಹೆಚ್ಚು. ಅದಕ್ಕೇ ಚಿಪ್ ಉಳಿಸಿದವರಿಗೆ ಬೋನಸ್ ಎಂದು ಅಟಾರಿ ಹೇಳಿತ್ತು. ಆಟದ ಕಲ್ಪನೆ ಬುಶ್ನೆಲ್ ಮತ್ತು ಸ್ಟೀವ್ ಬ್ರಿಸ್ಟೋ ಅವರದು, ಕೆಲಸ ಒಪ್ಪಿಕೊಂಡವರು ಜಾಬ್ಸ್, ಸರ್ಕ್ಯೂಟ್ ವಿನ್ಯಾಸ ಮಾಡಿದವರು ಅವರ ಗೆಳೆಯ ಸ್ಟೀವ್ ವಾಜ್ನಿಯಾಕ್. ಹಗಲು ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ದುಡಿಯುತ್ತಿದ್ದ ವಾಜ್ನಿಯಾಕ್ ನಾಲ್ಕು ದಿನ ನಿದ್ದೆಗೆಟ್ಟು ವಿನ್ಯಾಸ ಮುಗಿಸಿದರು, ಜಾಬ್ಸ್ ಬೋರ್ಡಿನ ಮೇಲೆ ತಂತಿ ಸುತ್ತಿದರು. ತನ್ನ ಪಾಲಿಗೆ ಬಂದದ್ದು 350 ಡಾಲರ್, ಬೋನಸ್ ವಿಷಯ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ ಎಂದು ವಾಜ್ನಿಯಾಕ್ ಹೇಳಿದ್ದಾರೆ. ನೀವು ‘42 ಚಿಪ್’ ಎಂದು ಗಟ್ಟಿಯಾಗಿ ಬರೆದಿದ್ದೀರಿ. ಒಬ್ಬೊಬ್ಬರು ಒಂದೊಂದು ಲೆಕ್ಕ ಕೊಡುತ್ತಾರೆ, ‘50ಕ್ಕಿಂತ ಕಡಿಮೆ’ ಎಂದರೆ ಸಾಕು.

ಮುಖ್ಯ ಸಂಗತಿ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಅಟಾರಿ ಆ ವಿನ್ಯಾಸವನ್ನು ತಯಾರಿಕೆಗೆ ಬಳಸಲಿಲ್ಲ. ಒಂದೇ ಚಿಪ್‌ಗೆ ಎರಡು ಮೂರು ಕೆಲಸ ಹಚ್ಚಿದರೆ ಚಿಪ್ ಉಳಿಯುತ್ತದೆ, ಆದರೆ ಒಂದು ಕೆಟ್ಟಾಗ ಯಾವುದರಿಂದ ಏನು ನಿಂತಿತು ಎಂದು ಹುಡುಕುವುದು ಕಾರ್ಖಾನೆಯವರಿಗೆ ಕಷ್ಟ. 1976ರಲ್ಲಿ ನಾಣ್ಯ ಹಾಕಿ ಆಡುವ ಕೇಂದ್ರಗಳಿಗೆ ಹೋದ ಬ್ರೇಕ್‌ಔಟ್ ಯಂತ್ರದಲ್ಲಿ ಇದ್ದದ್ದು ಸುಮಾರು 100 ಚಿಪ್‌ಗಳ ಬೇರೆಯದೇ ಸರ್ಕ್ಯೂಟ್. ಈಗ ಪ್ರಶ್ನೆ ಕೇಳಿ: ಜಾಬ್ಸ್ ಇರದಿದ್ದರೆ? ಜನ ಅದೇ ಆಟ ಆಡುತ್ತಿದ್ದರು. ಆ ಆಟದ ಪ್ರಭಾವ ಮಾತ್ರ ದೊಡ್ಡದು. 1978ರ ‘ಸ್ಪೇಸ್ ಇನ್ವೇಡರ್ಸ್’ ಮಾಡಿದ ಟೊಮೊಹಿರೊ ನಿಶಿಕಾಡೊ ಅವರಿಗೆ ಬ್ರೇಕ್‌ಔಟ್ ಸ್ಫೂರ್ತಿಯಾಗಿತ್ತು. ಅದರ ಶ್ರೇಯವನ್ನು ಜಾಬ್ಸ್ ತಲೆ ಮೇಲೆ ಹೊರಿಸಬೇಡಿ.

ಆಪಲ್ ಟು ಅರ್ಧ ಸರಿ. 1977ರಲ್ಲಿ ಬಂದ ಆ ಕಂಪ್ಯೂಟರಿಗೆ ಬಣ್ಣ, ಸದ್ದು, ಕೈಯಲ್ಲಿ ತಿರುಗಿಸುವ ಪ್ಯಾಡಲ್ ಯಾಕೆ ಬಂದವು ಎಂದರೆ, ಬ್ರೇಕ್‌ಔಟ್ ಅನ್ನು ಈ ಸಲ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಆಗಿ ಬರೆದು ಆಡಬೇಕು ಎಂಬ ಆಸೆ ವಾಜ್ನಿಯಾಕ್ ಅವರಿಗಿತ್ತು. ನಿಮ್ಮ ಲೇಖನದಲ್ಲಿ ಇಲ್ಲದ, ಇರಲೇಬೇಕಾದ ವಿವರ ಇದು. ಮುಂದೆ ‘ಮಿಸ್ಟರಿ ಹೌಸ್’, ‘ವಿಝರ್ಡ್ರಿ’, 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟಗಳೆಲ್ಲ ಮೊದಲು ಹುಟ್ಟಿದ್ದು ಆಪಲ್ ಟು ಮೇಲೆ. ಯಂತ್ರ ವಾಜ್ನಿಯಾಕ್ ಅವರದು, ಆದರೆ ಅದನ್ನು ಡಬ್ಬಿಯೊಳಗೆ ಕೂರಿಸಿ ಮಾರಾಟದ ಸರಕಾಗಿ ಮಾಡಿದ್ದರಲ್ಲಿ ಜಾಬ್ಸ್ ಕೈ ಇದೆ. ಇಲ್ಲಿ ಅವರಿಗೆ ಪಾಲು ಕೊಡಿ, ಅಳೆದು ಕೊಡಿ.

ಪಿಪಿನ್ ಇಡೀ ಪ್ಯಾರಾ ತೆಗೆಯಿರಿ. ಅದು ಬಂದಾಯಿ ಕಂಪನಿಯ ಜೊತೆ ಸೇರಿ 1996ರಲ್ಲಿ ಆಪಲ್ ತಂದ ಯಂತ್ರ. ಜಾಬ್ಸ್ 1985ರಲ್ಲೇ ಆಪಲ್ ಬಿಟ್ಟಿದ್ದರು, ವಾಪಸ್ ಬಂದದ್ದು 1997ರಲ್ಲಿ. ವ್ಯಕ್ತಿಯ ಬಗ್ಗೆ ಬರೆಯುವಾಗ ಹಾಳೆಯ ಎಡಬದಿಗೆ ಅವನ ಬದುಕಿನ ಇಸವಿಗಳು, ಬಲಬದಿಗೆ ಕಂಪನಿಯ ಇಸವಿಗಳು ಎಂದು ಎರಡು ಸಾಲು ಗೀಚಿ ಇಟ್ಟುಕೊಳ್ಳಿ. ಇಂಥ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಆ ಹನ್ನೆರಡು ವರ್ಷ ನಿಮ್ಮಲ್ಲಿ ಖಾಲಿ ಬಿದ್ದಿದೆ. ಅಲ್ಲೇ ಒಳ್ಳೆಯ ಸರಕು ಇದೆ. ಜಾಬ್ಸ್ ಹೊರಗೆ ಕಟ್ಟಿದ ನೆಕ್ಸ್ಟ್ ಕಂಪನಿಯ ಕಂಪ್ಯೂಟರ್‌ಗಳ ಮೇಲೆ ಇಡ್ ಸಾಫ್ಟ್‌ವೇರ್‌ನವರು 1993ರ ‘ಡೂಮ್’ ಕಟ್ಟಿದರು. ಆಟ ಮಾರಿದ್ದು ಡಾಸ್ ಇರುವ ಸಾಮಾನ್ಯ ಪಿಸಿಗೆ, ಅದನ್ನು ತಯಾರಿಸಿದ ಒಲೆ ನೆಕ್ಸ್ಟ್. ‘ನೆಕ್ಸ್ಟ್ ಕಂಪ್ಯೂಟರ್ ಮೇಲೆ ತಯಾರಿಸಿದ್ದು’ ಎಂದು ಆಟದಲ್ಲಿ ಹಾಕಲೇ ಎಂದು ಕೇಳಿದಾಗ ಬೇಡ ಎಂಬ ಉತ್ತರ ಬಂತು, ಡೂಮ್ ಹೆಸರು ಮಾಡಿದ ಮೇಲೆ ಜಾಬ್ಸ್ ಮನಸ್ಸು ಬದಲಿಸಿದರು ಎಂದು ಇಡ್‌ನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ನೆನಪಿಸಿಕೊಂಡಿದ್ದಾರೆ. ‘ಹೇಲೊ’ ಕಥೆಯೂ ಇದರ ಪಕ್ಕದಲ್ಲೇ ಕೂರುತ್ತದೆ. 1999ರ ಜುಲೈಯಲ್ಲಿ ಮ್ಯಾಕ್‌ವರ್ಲ್ಡ್ ಎಂಬ ಆಪಲ್ ಮೇಳದ ವೇದಿಕೆಯಲ್ಲಿ ಜಾಬ್ಸ್ ತಾವೇ ಆ ಆಟವನ್ನು ಪರಿಚಯಿಸಿದರು. ಒಂದು ವರ್ಷದೊಳಗೆ, 2000ದ ಜೂನ್‌ನಲ್ಲಿ, ಮೈಕ್ರೊಸಾಫ್ಟ್ ಅದನ್ನು ಮಾಡುತ್ತಿದ್ದ ಬಂಗಿ ಕಂಪನಿಯನ್ನೇ ಕೊಂಡಿತು. 2001ರ ನವೆಂಬರ್‌ನಲ್ಲಿ ಹೇಲೊ ಮೈಕ್ರೊಸಾಫ್ಟ್‌ನದೇ ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಜೊತೆ ಬಂತು, ಆಪಲ್‌ನ ಮ್ಯಾಕ್ ಕಂಪ್ಯೂಟರಿಗೆ ಬಂದದ್ದು 2003ರಲ್ಲಿ. ಜಾಬ್ಸ್‌ಗೆ ಆಟದ ಮೇಲೆ ಪ್ರೀತಿ ಇರಲಿಲ್ಲ ಎಂದು ಕಾರ್ಮ್ಯಾಕ್ ಬಹಿರಂಗವಾಗಿಯೇ ಹೇಳಿದ್ದರು. ಈ ಮಾತನ್ನು ಬಚ್ಚಿಡಬೇಡಿ, ನಿಮ್ಮ ಲೇಖನ ಇದರಿಂದ ಗಟ್ಟಿಯಾಗುತ್ತದೆ.

ನಮ್ಮ ಕಡೆಯ ಓದುಗರನ್ನೂ ಮರೆಯಬೇಡಿ. ಈಗ ನಲವತ್ತರ ಆಸುಪಾಸಿನಲ್ಲಿ ಇರುವವರಿಗೆ ವಿಡಿಯೋ ಗೇಮ್ ಎಂದರೆ ಟಿವಿಗೆ ಸಿಕ್ಕಿಸುವ ಕ್ಯಾಸೆಟ್ ಗೇಮ್, ಮಾರಿಯೊ ಮತ್ತು ಕಾಂಟ್ರಾ. ಆ ಕ್ಯಾಸೆಟ್ ಯಂತ್ರಗಳು ನಿಂಟೆಂಡೊದ 1983ರ ಫ್ಯಾಮಿಕಾಮ್ ಯಂತ್ರದ ನಕಲುಗಳು. ಅದರ ನಂತರ ನೋಕಿಯಾದ ಹಾವಿನ ಆಟ, 1997ರದ್ದು. ಈ ಎರಡೂ ದಾರಿಯಲ್ಲಿ ಆಪಲ್ ಎಲ್ಲೂ ಎದುರಾಗುವುದಿಲ್ಲ. ಒಂದು ಸಾಲಿನಲ್ಲಿ ಇದನ್ನು ಒಪ್ಪಿಕೊಂಡು ಮುಂದೆ ಹೋಗಿ.

ಈಗ ನೀವು ಮೂರು ಸಾಲಿನಲ್ಲಿ ಮುಗಿಸಿದ ಐಫೋನ್. ಲೇಖನದ ಅರ್ಧ ಇದಕ್ಕೇ ಮೀಸಲಿಡಿ. 2007ರಲ್ಲಿ ಐಫೋನ್ ಬಂದಾಗ ಹೊರಗಿನವರು ಮಾಡಿದ ಆ್ಯಪ್ ಅದರೊಳಗೆ ಹಾಕಲು ಆಗುತ್ತಿರಲಿಲ್ಲ. ಬ್ರೌಸರಿನಲ್ಲಿ ನಡೆಯುವಂಥದ್ದು ಮಾಡಿಕೊಳ್ಳಿ ಎಂದು ಜಾಬ್ಸ್ ಹೇಳಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಿಲುವು ಬದಲಾಯಿತು, 2008ರ ಜುಲೈ 10ಕ್ಕೆ ಸುಮಾರು 500 ಆ್ಯಪ್‌ಗಳೊಂದಿಗೆ ಆ್ಯಪ್ ಸ್ಟೋರ್ ತೆರೆಯಿತು. ಅದಕ್ಕೂ ಮುಂಚೆ ಹಳೆಯ ಕೀಪ್ಯಾಡ್ ಫೋನುಗಳಿಗೆ ಜಾವಾ ಗೇಮ್ ಮಾಡುವವರ ಪಾಡು ಏನಿತ್ತು ಎಂದು ವಿವರಿಸಿ: ಒಂದೊಂದು ಹ್ಯಾಂಡ್‌ಸೆಟ್‌ಗೆ ಒಂದೊಂದು ಅಳತೆಯ ಪರದೆ, ಒಂದೇ ಆಟಕ್ಕೆ ಹತ್ತಾರು ಆವೃತ್ತಿ, ಮೇಲಿಂದ ಮೊಬೈಲ್ ಕಂಪನಿಯ ಮೆನುವಿನಲ್ಲಿ ಜಾಗ ಸಿಗಬೇಕು. ಸ್ಟೋರ್ ಬಂದ ಮೇಲೆ ಮನೆಯಲ್ಲಿ ಕುಳಿತ ಇಬ್ಬರು ಆಟ ಮಾಡಿ ನೇರ ಮಾರಬಹುದಾಯಿತು. ಆಗಿನ ಲೆಕ್ಕ, ನೂರರಲ್ಲಿ 70 ಮಾಡಿದವರಿಗೆ, 30 ಆಪಲ್‌ಗೆ.

ನಮ್ಮ ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರೂ ಗಂಜ್ ನೆನಪಿಸಿಕೊಳ್ಳಿ. ಗಂಜಿನೊಳಗೆ ಒಂದು ಕಾಳು ತೊಗರಿಯೂ ಬೆಳೆಯುವುದಿಲ್ಲ. ಆದರೂ ಮುಂದಿನ ಮುಂಗಾರಿಗೆ ರೈತ ಏನು ಬಿತ್ತಬೇಕು ಎಂಬುದರಲ್ಲಿ ಗಂಜಿನ ಮಾತು ನಡೆಯುತ್ತದೆ. ಜಾಬ್ಸ್ ಬೆಳೆದವರಲ್ಲ, ಗಂಜ್ ಕಟ್ಟಿದವರು, ಅಡತಿ, ಅಂದರೆ ಕಮಿಷನ್, ಎಷ್ಟು ಎಂದು ಗೊತ್ತುಮಾಡಿದವರು. ಇದಕ್ಕೆ ಪುರಾವೆಯಾಗಿ ಒಂದೇ ಒಂದು ನಿಯಮವನ್ನು ಹತ್ತಿರದಿಂದ ತೋರಿಸಿ. 2009ರ ಜೂನ್‌ನಲ್ಲಿ ಆಟದೊಳಗೇ ಸಾಮಾನು ಮಾರುವ ಸೌಲಭ್ಯ ಬಂತು, ಆದರೆ ದುಡ್ಡು ಕೊಟ್ಟು ಕೊಂಡ ಆ್ಯಪ್‌ಗಳಿಗೆ ಮಾತ್ರ. ಅಕ್ಟೋಬರ್‌ನಲ್ಲಿ ಬಿಟ್ಟಿ ಆ್ಯಪ್‌ಗಳಿಗೂ ಬಿಟ್ಟರು. ಆ ಬಾಗಿಲು ತೆರೆದ ಮೇಲೆ ಬಿತ್ತನೆಯೇ ಬದಲಾಯಿತು. ಕ್ಯಾಂಡಿ ಕ್ರಶ್‌ನಲ್ಲಿ ಐದು ಜೀವ, ಒಂದು ಹೋದರೆ ಮತ್ತೆ ತುಂಬಲು 30 ನಿಮಿಷ, ಕಾಯಲಾರದವರು ದುಡ್ಡು ಕೊಟ್ಟು ಕೊಳ್ಳಬಹುದು. ಆಟ ಎಲ್ಲಿ ನಿಲ್ಲಬೇಕು ಎಂಬುದನ್ನು ಕಥೆಯ ಬದಲು ವ್ಯಾಪಾರ ತೀರ್ಮಾನಿಸತೊಡಗಿತು. ಆ ಆಟ ಫೋನಿಗೆ ಬಂದದ್ದು 2012ರಲ್ಲಿ, ಜಾಬ್ಸ್ ತೀರಿಕೊಂಡದ್ದು 2011ರ ಅಕ್ಟೋಬರ್ 5ಕ್ಕೆ. ಆದರೆ ನಿಯಮ ಅವರ ಕಾಲದ್ದು.

ಇಲ್ಲೂ ಅತಿ ಮಾಡಬೇಡಿ. ಆಟ ಬಿಟ್ಟಿ, ಸಾಮಾನಿಗೆ ದುಡ್ಡು ಎಂಬ ಪದ್ಧತಿಯನ್ನು ದಕ್ಷಿಣ ಕೊರಿಯಾದ ನೆಕ್ಸಾನ್ ಕಂಪನಿ ಕಂಪ್ಯೂಟರ್ ಆಟಗಳಲ್ಲಿ ಮೊದಲೇ ನಡೆಸಿತ್ತು. ಅದನ್ನು ಜೇಬಿನೊಳಗಿನ ಅಂಗಡಿಗೆ ಜೋಡಿಸಿದ್ದು ಆ್ಯಪ್ ಸ್ಟೋರ್. ಹಾಗೆಯೇ ಜಾಬ್ಸ್ ತಡೆದದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬ್ರೌಸರಿನಲ್ಲಿ ಆಟ, ವಿಡಿಯೋ ಓಡಿಸುವ ಅಡೋಬಿಯ ತಂತ್ರಾಂಶ ಫ್ಲ್ಯಾಶ್ ಅನ್ನು ಐಫೋನಿಗೆ ಬಿಡುವುದಿಲ್ಲ ಎಂದು 2010ರ ಏಪ್ರಿಲ್‌ನಲ್ಲಿ ಬಹಿರಂಗ ಪತ್ರ ಬರೆದರು. ನೆಟ್ ಸೆಂಟರ್‌ಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಹುಡುಗರು ಆಡುತ್ತಿದ್ದ ಸಣ್ಣ ಸಣ್ಣ ಬ್ರೌಸರ್ ಆಟಗಳು ಆ ಫ್ಲ್ಯಾಶ್ ಮೇಲೆಯೇ ನಿಂತಿದ್ದವು. 2020ರ ಕೊನೆಗೆ ಅಡೋಬಿ ಅದನ್ನು ಮುಚ್ಚಿತು.

ನಿಮ್ಮ ಕಟ್ಟೆಯ ಹುಡುಗರ ಕೈಯಲ್ಲಿ ಇರುವುದು ಆಂಡ್ರಾಯ್ಡ್ ಫೋನ್, ಆಡುತ್ತಿರುವುದು ಕೊರಿಯಾದ ಕ್ರಾಫ್ಟನ್ ಕಂಪನಿಯ ಆಟ. ಹಾಗಾದರೆ ಜಾಬ್ಸ್ ಅಲ್ಲಿಗೆ ಹೇಗೆ ಬಂದರು? ಈ ಪ್ರಶ್ನೆಯನ್ನು ಓದುಗ ಕೇಳುವ ಮೊದಲೇ ನೀವು ಕೇಳಬೇಕಿತ್ತು. ಗೂಗಲ್‌ನ ಅಂಗಡಿ 2008ರ ಅಕ್ಟೋಬರ್‌ನಲ್ಲಿ, ಮಾಡಿದವರಿಗೆ ಅದೇ 70ರ ಲೆಕ್ಕದಲ್ಲಿ ತೆರೆಯಿತು. ಪ್ಲೇ ಸ್ಟೋರ್‌ನಲ್ಲಿ ಬಿಜಿಎಂಐ ಪುಟ ತೆಗೆದು ನೋಡಿ, ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ‘ಇನ್-ಆ್ಯಪ್ ಪರ್ಚೇಸಸ್’ ಎಂದು ಇರುತ್ತದೆ. ಜಾಬ್ಸ್‌ಗೂ ಸೂಪರ್ ಮಾರ್ಕೆಟ್‌ಗೂ ಇರುವ ದಾರ ಅದು. ಆ ಕಟ್ಟೆಗೆ ಮತ್ತೊಮ್ಮೆ ಹೋಗಿ, ಆಟದೊಳಗಿನ ನಾಣ್ಯವಾದ ಯುಸಿ ಕೊಳ್ಳಲು ಈ ತಿಂಗಳು ಎಷ್ಟು ಹೋಯಿತು, ದುಡ್ಡು ಯಾರ ಫೋನ್‌ಪೇಯಿಂದ ಹೋಯಿತು ಎಂದು ಕೇಳಿ ಬರೆದುಕೊಂಡು ಬನ್ನಿ. ಹೆಸರು ಹಾಕಬೇಡಿ, ಮೊತ್ತ ಹಾಕಿ.

ಭಾಷೆಯ ಬಗ್ಗೆ ಎರಡು ಮಾತು. ‘ಕ್ರಾಂತಿ’ ಹನ್ನೊಂದು ಸಲ ಬಂದಿದೆ, ಒಂದೂ ಬೇಡ. ‘ಆಟದ ನಿಯಮವನ್ನೇ ಬದಲಿಸಿದರು’ ಎಂಬುದು ಇಂಗ್ಲಿಷಿನ ಎರವಲು ಮಾತು, ಆಟದ ಬಗ್ಗೆಯೇ ಬರೆಯುವಾಗ ಓದುಗನಿಗೆ ಯಾವ ಆಟ, ಯಾವ ನಿಯಮ ಎಂದು ಗೊಂದಲವಾಗುತ್ತದೆ. ವಾಜ್ನಿಯಾಕ್ ಹೆಸರು ಮೂರು ಕಡೆ ಮೂರು ಥರ ಇದೆ, ಒಂದು ಮಾಡಿ. ಮತ್ತೆ, ನಿಮ್ಮ ಹುಡುಗ ‘ನಾನು ಆಡುತ್ತಾ ಇದ್ದೇನೆ, ತೊಂದರೆ ಕೊಡಬೇಡ’ ಅನ್ನುತ್ತಾನೆ. ಸೂಪರ್ ಮಾರ್ಕೆಟ್ ಕಟ್ಟೆ ಮೇಲೆ ಹಾಗೆ ಯಾರೂ ಮಾತಾಡುವುದಿಲ್ಲ. ‘ಏ ತಡಿಯೋ, ಆಡ್ಲಾಕತ್ತೀನಿ’ ಅಂತಾನೆ. ನೀವು ಕೇಳಿದ್ದೂ ಅದನ್ನೇ ಇರಬೇಕು. ಕೇಳಿದ್ದನ್ನೇ ಬರೆಯಿರಿ.

1200 ಪದ ಮೀರದಂತೆ ಹೊಸದಾಗಿ ಬರೆದು ಕಳಿಸಿ. ಜಾಬ್ಸ್ ಭಾವಚಿತ್ರ ಬೇಡ. ರಬ್ಬರ್ ಬ್ಯಾಂಡ್ ಸುತ್ತಿದ ಆ ಫೋನು ಮತ್ತೆ ಸಿಕ್ಕರೆ, ಹುಡುಗನ ಮುಖ ಬಾರದಂತೆ, ಅವನ ಒಪ್ಪಿಗೆ ಕೇಳಿ ಒಂದು ಫೋಟೊ ತೆಗೆದು ಲೇಖನದ ಜೊತೆ ಇಡಿ.