ಸಳ ಎಂಥವನು?

ಪತ್ರ: “ಐದನೇ ತರಗತಿಯ ಮಕ್ಕಳಿಗೆ ಕಥೆಯ ಪಾತ್ರದ ಬಗ್ಗೆ ನಾಲ್ಕು ಸಾಲು ಬರೆಯಿರಿ ಅಂದರೆ ರಾಜನೂ ಒಳ್ಳೆಯವನು, ಮೊಲವೂ ಒಳ್ಳೆಯದು, ನರಿ ಕೆಟ್ಟದ್ದು; ಮುಗಿಯಿತು. ಗುಣವಾಚಕಗಳ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಲೇ? ಅಂಕ ಹೇಗೆ ಕೊಡಲಿ?”
– ಶಿಕ್ಷಕಿ, ಬೇಲೂರು ತಾಲ್ಲೂಕು

ಉತ್ತರ: ಬಾಯಿಪಾಠ ಬೇಡ ಮೇಡಂ. ಪಟ್ಟಿ ಕೊಟ್ಟರೆ ‘ಒಳ್ಳೆಯ’ ಇದ್ದ ಜಾಗಕ್ಕೆ ‘ಸದ್ಗುಣಿ’ ಬಂದು ಕೂರುತ್ತದೆ, ಅಷ್ಟೇ. ಊಟದ ಬಿಡುವಿನಲ್ಲಿ ಕಿವಿಗೊಟ್ಟು ನೋಡಿ: ಪುಕ್ಕಲ, ತರಲೆ, ಹಟಮಾರಿ, ಜಿಪುಣ, ಮುಂಗೋಪಿ ಎಲ್ಲ ಅವರ ಬಾಯಲ್ಲೇ ಇವೆ. ನೋಟ್‌ಬುಕ್ ತೆರೆದ ಕೂಡಲೇ ಅವು ಬರೆಯಬಾರದ ಮಾತುಗಳಾಗುತ್ತವೆ. ಮೊದಲು ಆ ಭಯ ಬಿಡಿಸಿ.

ಕಥೆಗೆ ದೂರ ಹೋಗಬೇಕಿಲ್ಲ. ಚೆನ್ನಕೇಶವ ದೇವಸ್ಥಾನದ ಬಾಗಿಲ ಪಕ್ಕದಲ್ಲೇ ಸಳ ಮೃಗದೊಡನೆ ಸೆಣಸುತ್ತಿದ್ದಾನೆ. (ಶಿಲ್ಪದಲ್ಲಿ ಅದು ಸಿಂಹದ ಹಾಗಿದೆ, ಕಥೆಯಲ್ಲಿ ಹುಲಿ, ಆ ಜಗಳ ಇನ್ನೊಂದು ದಿನಕ್ಕಿರಲಿ.) ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಅಂದಿನ ಸೊಸೆವೂರಿನಲ್ಲಿ, ಹುಲಿ ಎರಗಿದಾಗ ಸುದತ್ತ ಮುನಿ ‘ಹೊಯ್ ಸಳ’ ಎಂದರು, ಸಳ ಹೊಡೆದ ಎನ್ನುವುದು ಐತಿಹ್ಯ. ಸಳ ಎಂಥವನು ಎಂದು ಕೇಳಿ. ‘ಧೈರ್ಯಶಾಲಿ’ ಎಂದು ಇಡೀ ತರಗತಿ ಕೂಗುತ್ತದೆ. ‘ಹೇಗೆ ಹೇಳ್ತೀಯ?’ ಅನ್ನಿ. ಹುಲೀನ ಹೊಡೆದನಲ್ಲ ಮಿಸ್! ‘ಗುರುಗಳು ಹೇಳದಿದ್ದರೆ ಹೊಡೀತಿದ್ನಾ?’ ಈಗ ಗಲಾಟೆ ಶುರು. ಒಬ್ಬಳಿಗೆ ಅವನು ವಿಧೇಯ, ಇನ್ನೊಬ್ಬನಿಗೆ ಚುರುಕು, ಮತ್ತೊಬ್ಬನಿಗೆ ಹಿಂದೆಮುಂದೆ ನೋಡದವನು. ಕಥೆಯಿಂದ ಸಾಕ್ಷಿ ಕೊಟ್ಟರೆ ಮೂರೂ ಸರಿ. ಸಾಕ್ಷಿಯಿಲ್ಲದ ‘ಸುಂದರ’, ‘ದಯಾಳು’ಗಳನ್ನು ಮುಲಾಜಿಲ್ಲದೆ ಹೊಡೆದುಹಾಕಿ. ಮುನಿಯನ್ನೂ ಬಿಡಬೇಡಿ. ಹುಲಿ ಎದುರಿಗಿರುವಾಗ ಶಿಷ್ಯನ ಹೆಸರು ಹಿಡಿದು ಅಪ್ಪಣೆ ಕೊಟ್ಟವರು ಎಂಥವರು? ನನಗಂತೂ ಸಳನಿಗಿಂತ ಅವರೇ ಸ್ವಾರಸ್ಯದ ಪಾತ್ರ.

ಒಂಟಿ ಪದವೇ ಬೇಕೆಂದು ಹಟ ಹಿಡಿಯಬೇಡಿ. ‘ಮಾತು ಮೀರದ ಶಿಷ್ಯ’, ‘ಶಿಷ್ಯನನ್ನು ನಂಬಿದ ಗುರು’: ಪಾತ್ರ ಮಾಡಿದ್ದನ್ನೇ ತಂದು ಹೆಸರಿನ ಮುಂದಿಟ್ಟರೂ ವಿಶೇಷಣವೇ. ಕೃದಂತ ಎಂಬ ಹೆಸರು ಹೈಸ್ಕೂಲಿಗಿರಲಿ. ತೋಟದ ಲೈನ್‌ಮನೆಗಳಿಂದ ಬರುವ, ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿದ್ದರೆ ಮಾತ್ರ ಒಂದು ಅಭ್ಯಾಸ ಹೆಚ್ಚು ಬೇಕು: ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಹುಲಿ ಎನ್ನುವಾಗ ‘ದೊಡ್ಡ’ ಬದಲಾಗದು; ವಾಕ್ಯದ ಕೊನೆಗೆ ಹೋದರೆ ದೊಡ್ಡವನು, ದೊಡ್ಡವಳು, ದೊಡ್ಡದು. ಇದನ್ನು ಬರೆಸುವ ಮೊದಲು ಬಾಯಿಮಾತಿನಲ್ಲಿ ಆಡಿಸಿ.

ಅಂಕ ಕೇಳಿದ್ದೀರಿ. ಪದಕ್ಕೆ ಅರ್ಧ, ಸಾಕ್ಷಿಗೆ ಅರ್ಧ ಕೊಡಿ. ‘ಪುಕ್ಕಲ’ ಎಂದು ಬರೆದದ್ದಕ್ಕೆ ಕತ್ತರಿ ಹಾಕಬೇಡಿ; ‘ಪುಕಲ’ ಎಂದಿದ್ದರೆ ಒತ್ತಕ್ಷರ ತಿದ್ದಿ.
– ಸಂ.